ಹಿಂದಿನಿಂದ ಕರೆದ ಹಾಡು

ಮಳೆಗಾಲದಲ್ಲಿ ವಿಡಿಯೋ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಉಪ್ಪಿನಕಾಯಿ ಭರಣಿಯನ್ನು ಬಹಳ ದಿನ ಮುಚ್ಚಿಟ್ಟು ತೆಗೆದ ಹಾಗೆ ಒಂದು ಹುಳಿ ಮುಗ್ಗಲು ವಾಸನೆ. ಅಂಕೋಲೆಯ ಬಸ್‌ಸ್ಟ್ಯಾಂಡಿನ ಹಿಂದೆ ವರ್ಷಗಟ್ಟಲೆ ನಡೆಸಿದ ಸ್ಟುಡಿಯೋ ಬಿಟ್ಟುಕೊಡುವ ಮೊದಲು ಕಪಾಟು ಖಾಲಿ ಮಾಡುತ್ತಿದ್ದೆ. ಮದುವೆ, ಮುಂಜಿ, ಗೃಹಪ್ರವೇಶ, ಯಾರದೋ ಷಷ್ಟ್ಯಬ್ದಿ. ಅವರೆಲ್ಲ ಈಗ ಒಬ್ಬರ ಮುಖ ಒಬ್ಬರು ನೋಡುತ್ತಾರೋ ಇಲ್ಲವೋ, ನನ್ನ ಕಪಾಟಿನಲ್ಲಿ ಮಾತ್ರ ಒಬ್ಬರಿಗೊಬ್ಬರು ಲಾಡು ತಿನ್ನಿಸುತ್ತಲೇ ಇದ್ದರು. ಅವುಗಳ ನಡುವೆ ಒಂದು ಟೇಪು ಸಿಕ್ಕಿತು. ಬೆನ್ನಿನ ಚೀಟಿಯ ಮೇಲೆ ನನ್ನದೇ ಅಕ್ಷರದಲ್ಲಿ ‘ಹಾಡು, ಒಂದನೇ ದಿನ’ ಎಂದು ಬರೆದಿತ್ತು. ಅದರ ಮೇಲೆ ಗೀಟು ಎಳೆದು ಕೆಳಗೆ ‘ಭಾವಿಕೇರಿ ಮದುವೆ’ ಎಂದು ಬರೆದಿತ್ತು. ಆ ಗೀಟು ಎಳೆದವನೂ ನಾನೇ. ನೆಲದ ಮೇಲೆ ಕುಳಿತುಬಿಟ್ಟೆ.

ಅದು ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕ್ಯಾಸೆಟ್ಟು ಸಾಯುತ್ತಿತ್ತು, ಸಿ.ಡಿ. ಹುಟ್ಟಿತ್ತು, ಎರಡರ ನಡುವೆ ಹಾಡಿನ ಅಂಗಡಿಯವರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಜನಕ್ಕೆ ಹಾಡು ಕೇಳಿದರೆ ಸಾಲದು, ನೋಡಬೇಕಾಗಿತ್ತು. ಸಿನಿಮಾದ ಹಾಡಾದರೆ ಸರಿ, ಅದಕ್ಕೆ ಹೀರೋ ಇದ್ದಾನೆ, ಹೀರೋಯಿನ್ ಇದ್ದಾಳೆ. ಭಜನೆಗೆ, ಭಾವಗೀತೆಗೆ, ನಮ್ಮ ಕಡೆಯ ಜನಪದಕ್ಕೆ ಯಾರಿದ್ದಾರೆ? ಮೊದಮೊದಲು ನಾವು ಮಾಡಿದ್ದು ನೆನೆದರೆ ಈಗ ನಗು ಬರುತ್ತದೆ. ಗಣಪತಿಯ ಭಜನೆ ಇದ್ದರೆ ಗಣಪತಿಯ ಕ್ಯಾಲೆಂಡರು, ಅದರ ಮುಂದೆ ಗರಗರ ತಿರುಗುವ ದೀಪ, ನಾಲ್ಕು ನಿಮಿಷ. ಭಾವಗೀತೆಗೆ ದಾಸವಾಳ, ದಾಸವಾಳ ಮುಗಿದರೆ ಜಲಪಾತ. ಆಮೇಲೆ ಮದುವೆ ವಿಡಿಯೋಕ್ಕೆಂದು ತಂದಿದ್ದ ಮಿಕ್ಸರಿನ ಆಟಗಳೆಲ್ಲ ಹಾಡಿಗೂ ಬಂದವು. ಪುಟ ಮಗುಚಿದ ಹಾಗೆ ಚಿತ್ರ ಮಗುಚುವುದು, ಹೃದಯದ ಆಕಾರದೊಳಗೆ ಮುಖ ಬರುವುದು, ಒಂದೇ ಹುಡುಗಿ ನಾಲ್ಕು ಮೂಲೆಯಲ್ಲಿ ಕುಣಿಯುವುದು. ಕೇಬಲ್‌ನವರು ತಮ್ಮ ಊರಿನ ಚಾನೆಲ್ಲಿನಲ್ಲಿ ಇವನ್ನೆಲ್ಲ ಹಾಕುತ್ತಿದ್ದರು, ಜನ ಫೋನು ಮಾಡಿ ಇಂಥದೇ ಬೇಕು ಎಂದು ಕೇಳುತ್ತಿದ್ದರು.

ಕಾರವಾರದಲ್ಲಿ ಪ್ರಭಾಕರ ಮಾಮನ ಕ್ಯಾಸೆಟ್ಟಿನ ಅಂಗಡಿ ಇತ್ತು. ಮಾಮ ಅಂದರೆ ನನಗೇನೂ ಸಂಬಂಧಿ ಅಲ್ಲ, ಇಡೀ ಕಾರವಾರಕ್ಕೇ ಮಾಮ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಬೈಯುವಾಗ ಮರಾಠಿ. ಅವನು ಕಾಳಿ ಸೇತುವೆ ದಾಟಿ ಗೋವೆಗೆ ಹೋಗಿ ಅಲ್ಲಿಯ ಕೊಂಕಣಿ ಆಲ್ಬಮ್ಮುಗಳ ಸಿ.ಡಿ. ತಂದಿದ್ದ. ನನ್ನನ್ನು ಕೂರಿಸಿ ಒಂದೊಂದೇ ಹಾಕಿ ತೋರಿಸಿದ. ಸಮುದ್ರದ ದಂಡೆ, ಟೊಪ್ಪಿ ಹಾಕಿದ ಹುಡುಗ, ಗಿಟಾರು. ಹಾಡಿದವನೇ ಕುಣಿಯುತ್ತಾನೆ, ತುಟಿಗೂ ಹಾಡಿಗೂ ಕೂದಲೆಳೆಯ ವ್ಯತ್ಯಾಸ ಇಲ್ಲ.

“ಅರೆ ವಸಂತಾ, ಸಮುದ್ರ ಅವರಿಗೆ ಮಾತ್ರ ಉಂಟಾ? ನಮಗೆ ಇಲ್ವಾ?” ಅಂದ. “ನನ್ನ ಹತ್ರ ಒಂದು ಕಡಲಿನ ಹಾಡು ಉಂಟು. ಒಳ್ಳೆ ಹೆಣ್ಣು ಧ್ವನಿ. ನೀ ಚಿತ್ರ ಮಾಡು, ಚೌತಿ ಒಳಗೆ ಮಾರ್ಕೆಟ್ಟಿಗೆ ಬರ್ಬೇಕು.”

ಆ ಹಾಡು ಬರೆದವರು ಘಟ್ಟದ ಮೇಲಿನ ಒಬ್ಬ ಮಾಸ್ತರರು. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಎಣಿಸುತ್ತ ಎಣಿಸುತ್ತ ಕಡಲು ನೋಡಿದ್ದೇ ಅವರ ಅನುಭವ. ಗಂಡ ಮೀನಿಗೆ ಹೊರಟಿದ್ದಾನೆ, ಹೆಂಡತಿ ದಂಡೆಯ ಮೇಲೆ ಓಡುತ್ತ ಹಿಂದಿನಿಂದ ಕೂಗಿ ಕರೆಯುತ್ತಾಳೆ, ನಿಲ್ಲು, ಒಮ್ಮೆ ತಿರುಗಿ ನೋಡು ಎನ್ನುತ್ತಾಳೆ. ಪಲ್ಲವಿಯೇ ಅದು. ಕಡಲಿಗೆ ಹೊರಟವನನ್ನು ಯಾರೂ ಹಿಂದಿನಿಂದ ಕರೆಯುವುದಿಲ್ಲ, ಹೊರಟವನು ತಿರುಗಿ ನೋಡುವುದೂ ಇಲ್ಲ ಎಂಬುದು ಆ ಮಾಸ್ತರರಿಗೆ ಗೊತ್ತಿರಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ನಾನು ಶೆಟಗೇರಿಯವನು, ಗದ್ದೆ ಮನೆಯವನು. ಸಂತೆಗೆ ಹೊರಟ ಅಪ್ಪನನ್ನು ಹಿಂದಿನಿಂದ ಕರೆದದ್ದಕ್ಕೆ ಬೆನ್ನಿಗೆ ಗುದ್ದು ತಿಂದವನು. ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕಣ್ಣಿಗೆ ಕಂಡದ್ದು ಓಡುವ ಹೆಣ್ಣು, ದೂರವಾಗುವ ದೋಣಿ, ಹಿಂದೆ ಇಳಿಯುವ ಸೂರ್ಯ. ಗೋವೆಯವರನ್ನು ಮೀರಿಸಬಹುದು ಅನ್ನಿಸಿತ್ತು.

ದೋಣಿ ಕೊಟ್ಟವನು ಬೇಲೇಕೇರಿಯ ದೇವಿದಾಸ. ಇಪ್ಪತ್ತಾರು ಇಪ್ಪತ್ತೇಳರ ಪ್ರಾಯ, ಒಂದು ಸಣ್ಣ ದೋಣಿ, ದಂಡೆಯಿಂದ ಹೆಚ್ಚು ದೂರ ಹೋಗದೆ ಒಬ್ಬನೇ ಬಲೆ ಬಿಟ್ಟು ಬರುವವನು. ಅವನ ಮದುವೆಯ ವಿಡಿಯೋ ತೆಗೆದವನು ನಾನು. ಮದುಮಗ ಕ್ಯಾಮೆರಾ ಕಂಡರೆ ತಲೆ ತಗ್ಗಿಸುವುದು ವಾಡಿಕೆ, ಇವನು ಧಾರೆಯ ಹೊತ್ತಿನಲ್ಲೂ ಕ್ಯಾಮೆರಾ ಎಲ್ಲಿದೆ ಎಂದು ಹುಡುಕಿದವನು. ದೋಣಿಯಲ್ಲೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಟೇಪ್ ರೆಕಾರ್ಡರು ಇಟ್ಟುಕೊಂಡು ಹಾಡು ಕೇಳುತ್ತಲೇ ಬಲೆ ಎಳೆಯುತ್ತಿದ್ದ. ದೋಣಿ ಬೇಕು ಅಂದದ್ದೇ ತಡ, “ದೋಣಿ ಯಂತಕ್ಕೆ, ನಾನೇ ಬತ್ತೆ” ಎಂದು ಗಂಡನ ಪಾತ್ರಕ್ಕೂ ತಾನೇ ನಿಂತ.

ಹೆಂಡತಿಯ ಪಾತ್ರಕ್ಕೆ ಮಾಮ ಕಾರವಾರದಿಂದ ಒಬ್ಬ ಡ್ಯಾನ್ಸ್ ಕಲಿತ ಹುಡುಗಿಯನ್ನು ಕರೆತಂದಿದ್ದ. ಮೇ ತಿಂಗಳ ಕೊನೆ, ಕಡಲು ಆಗಲೇ ಮಳೆಯ ಬಣ್ಣಕ್ಕೆ ತಿರುಗುತ್ತಿತ್ತು. ಅಲೆ ಮೊಣಕಾಲಿಗೆ ಬಂದದ್ದೇ ಆ ಹುಡುಗಿ ಅಳುತ್ತ ದಂಡೆಗೆ ಓಡಿದಳು. ಮತ್ತೆ ನೀರಿಗೆ ಇಳಿಯಲು ಏನು ಮಾಡಿದರೂ ಒಪ್ಪಲಿಲ್ಲ. ಬೆಳಕು ಹೋಗುತ್ತಿತ್ತು. ದೇವಿದಾಸನ ಹೆಂಡತಿ ಶಾರದಾ ನಮಗೆಲ್ಲ ಚಹಾದ ಪಾತ್ರೆ ಹೊತ್ತು ಬಂದಿದ್ದಳು. ಅಮದಳ್ಳಿಯ ಹುಡುಗಿ, ಮದುವೆಯಾಗಿ ಎರಡು ವರ್ಷ, ಮಕ್ಕಳಾಗಿರಲಿಲ್ಲ. ಮರಳಿನ ಮೇಲೆ ಅವಳು ನಡೆಯುವುದನ್ನೇ ನಾನು ನೋಡಿದೆ. ಆ ಡ್ಯಾನ್ಸಿನ ಹುಡುಗಿಗೆ ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು, ಇವಳಿಗೆ ಅಂಗಳದಲ್ಲಿ ನಡೆದಷ್ಟು ಸಲೀಸು.

ನೀನೇ ಮಾಡು ಅಂದೆ. ಮೊದಲು ಅವಳು ನಕ್ಕಳು. ಆಮೇಲೆ ಹಾಡು ಕೇಳಿಸಿದೆ, ನಗು ನಿಂತಿತು.

“ಕಡಲಿಗೆ ಹೋಗೋರನ್ನ ಹಿಂದಿಂದ ಕರಿಬಾರ್ದು ವಸಂತಣ್ಣಾ. ಬೇರೆ ಯಂತಾದ್ರೂ ಹೇಳಿ, ಮಾಡ್ತೆ. ಇದೊಂದ್ ಬ್ಯಾಡಾ.”

“ಅಂವ ಕಡಲಿಗೆ ಹೋಗೂದಿಲ್ಲಲಾ ಮಾರಾಯ್ತಿ. ಹತ್ತು ಮಾರು ಹೋಗಿ ವಾಪಸ್ ಬತ್ತ. ಇದು ಶೂಟಿಂಗು.”

“ಕಡಲಿಗೆ ಅದೆಲ್ಲ ಗೊತ್ತಾಗ್ತದ್ಯಾ?”

ಆಗ ದೇವಿದಾಸನೇ ಒಂದು ದಾರಿ ಕಂಡುಹಿಡಿದ. ದೋಣಿಯಲ್ಲಿದ್ದ ಬಲೆಯನ್ನೆಲ್ಲ ಎಳೆದು ದಂಡೆಯ ಮೇಲೆ ಹಾಕಿದ. “ಹಿಡಿ, ಬಲೆ ಇಲ್ಲ. ಬಲೆ ಇಲ್ದೇ ಇದ್ರೆ ಮೀನಿಗೆ ಹೋದ ಲೆಕ್ಕ ಅಲ್ಲ. ಈಗ ಕರಿ” ಅಂದ. ಶಾರದಾ ಆ ಬಲೆಯ ರಾಶಿ ನೋಡಿದಳು, ಖಾಲಿ ದೋಣಿ ನೋಡಿದಳು. ನಾಲ್ಕು ಸಲ ಬೇಡ ಅಂದು ಐದನೇ ಸಲಕ್ಕೆ ಒಪ್ಪಿದಳು. ಈ ಮಾತೆಲ್ಲ ಟೇಪಿನಲ್ಲಿ ಬಂದಿತ್ತು. ಕ್ಯಾಮೆರಾ ಹೆಗಲ ಮೇಲೆ ಓಡುತ್ತಲೇ ಇತ್ತು, ನಿಲ್ಲಿಸಿ ಮತ್ತೆ ಶುರು ಮಾಡಿದರೆ ಜೋಡಿಸುವಾಗ ಚಿತ್ರ ಹಾರುತ್ತದೆಂದು ನಾನು ನಿಲ್ಲಿಸುತ್ತಿರಲಿಲ್ಲ.

ಹಾಡಿನ ಚಿತ್ರ ತೆಗೆಯುವ ರೀತಿ ಹೀಗಿತ್ತು. ಟೇಪ್ ರೆಕಾರ್ಡರಿನಲ್ಲಿ ಹಾಡು ಹಾಕುವುದು, ಪಾತ್ರದವರು ಅದಕ್ಕೆ ತುಟಿ ಆಡಿಸುವುದು, ಆಮೇಲೆ ಮೇಜಿನ ಮುಂದೆ ಕುಳಿತು ಅಸಲು ಹಾಡನ್ನು ಆ ತುಟಿಗೆ ಕೂರಿಸುವುದು. ಬಹಳ ಸುಲಭ ಎಂದು ನಾನು ತಿಳಿದಿದ್ದೆ. ಸ್ಟುಡಿಯೋಕ್ಕೆ ಬಂದು ಜೋಡಿಸಲು ಕುಳಿತರೆ, ಶಾರದಾ ಒಂದು ಕಡೆ, ಹಾಡು ಇನ್ನೊಂದು ಕಡೆ. ಮೊದಲ ಸಾಲು ಸರಿ ಕೂರುತ್ತಿತ್ತು, ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಹಾಡು ಮುಗಿದರೂ ಅವಳ ಬಾಯಿ ಆಡುತ್ತಲೇ ಇತ್ತು. ಒಂದು ದಿನವಿಡೀ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಟೇಪ್ ರೆಕಾರ್ಡರಿನ ಸೆಲ್ಲು ಇಳಿದಿತ್ತು. ಹಾಡು ಎಳೆದೆಳೆದು ಓಡಿತ್ತು, ಪಾಪ, ಅವಳು ಆ ಎಳೆದ ಹಾಡಿಗೇ ಸರಿಯಾಗಿ ಬಾಯಿ ಆಡಿಸಿದ್ದಳು. ತಪ್ಪು ಅವಳದಲ್ಲ. ನಾನು ಹೊಸ ಸೆಲ್ಲು ಹಾಕಿಕೊಂಡು ಹೋಗಬೇಕಾಗಿತ್ತು.

ಅದರ ಜೊತೆಗೆ ಇನ್ನೊಂದನ್ನೂ ನೋಡಿದೆ. ಟೀವಿಯಲ್ಲಿ ಆ ಖಾಲಿ ದೋಣಿ ಬೋಳಾಗಿ ಕಾಣುತ್ತಿತ್ತು. ಮೀನಿಗೆ ಹೊರಟವನ ದೋಣಿ ಅಂತ ಯಾರೂ ನಂಬುವ ಹಾಗಿರಲಿಲ್ಲ.

ಒಂದು ವಾರದ ಮೇಲೆ ಮತ್ತೆ ಹೋದೆವು. ಮೊದಲ ಮಳೆ ಬಿದ್ದಿತ್ತು. ದೇವಿದಾಸ ತಾನಾಗಿಯೇ ಬಲೆ ತೆಗೆದು ದಂಡೆಗೆ ಹಾಕಿದ್ದ. “ಬಲೆ ಒಳಗೇ ಇರ್ಲಿ” ಅಂದೆ. ಅಂದದ್ದಷ್ಟೇ ಅಲ್ಲ, ಅವನು ಹಿಂದೆಮುಂದೆ ನೋಡುತ್ತಿದ್ದಾಗ ನಾನೇ ಒಂದು ತುದಿ ಹಿಡಿದು ದೋಣಿಗೆ ಎತ್ತಿ ಹಾಕಿದೆ. ಕ್ಯಾಮೆರಾಕ್ಕೆ ಕಾಣುವ ಹಾಗೆ ಅಂಚಿನ ಮೇಲೆ ಇಳಿಬಿಟ್ಟೆ, ಬಲೆ ತೇಲಿಸುವ ಬೆಂಡುಗಳನ್ನೂ ಜೋಡಿಸಿಟ್ಟೆ. ಶಾರದಾ ಬಂದವಳು ಬಲೆ ನೋಡಿ ಗಂಡನ ಮುಖ ನೋಡಿದಳು. “ಎರಡ್ ನಿಮಿಷದ್ದು ಮಾರಾಯ್ತಿ, ಟೀವಿಲಿ ಬತ್ತೆ ನೀನು” ಅಂದ ಅವನು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿನ ಕಡೆ ನಡೆದಳು. ಅವನಿಗೆ ಆ ವಿಡಿಯೋದ ಮೇಲೆ ಇದ್ದ ಆಸೆ ಅವಳಿಗೆ ಗೊತ್ತಿತ್ತು.

ಆ ದಿನ ಗಾಳಿ ಜೋರು. ಅಲೆಯ ಸದ್ದಿಗೆ ಟೇಪಿನ ಹಾಡು ಅವಳಿಗೆ ಅರ್ಧವೂ ಕೇಳುತ್ತಿರಲಿಲ್ಲ. ಅದೂ ಅಲ್ಲದೆ ಬರೀ ತುಟಿ ಆಡಿಸಿದರೆ ಗಂಟಲಿನ ನರ ಉಬ್ಬುವುದಿಲ್ಲ, ಸುಳ್ಳು ಎಂದು ಎದ್ದು ಕಾಣುತ್ತದೆ. ಅದನ್ನೂ ನಾನು ಗೋವೆಯ ಸಿ.ಡಿ. ನೋಡಿಯೇ ಕಲಿತದ್ದು. “ಬಾಯಿಬಿಟ್ಟು ಕೂಗು, ನಿಜವಾಗಿ ಕೂಗು” ಅಂದೆ. ಕೂಗಿದಳು. ದೋಣಿ ಅಲೆ ಹತ್ತಿ ಇಳಿಯಿತು, ಇವಳು ನೀರಿನಲ್ಲಿ ಓಡುತ್ತ ಕೂಗಿದಳು. ಏಳು ಸಲ ತೆಗೆದೆ. ಆರು ಸಲ ದೇವಿದಾಸ ನಾನು ಹೇಳಿಕೊಟ್ಟ ಹಾಗೆ ಗಂಭೀರವಾಗಿ ತಿರುಗಿದ. ಏಳನೇ ಸಲ ಅವಳ ಧ್ವನಿ ಒಡೆಯಿತು, ಅವನಿಗೆ ನಗು ಬಂತು, ತಿರುಗಿ ನೋಡಿ ಪೂರ್ತಿ ಹಲ್ಲು ಕಾಣುವಂತೆ ನಕ್ಕ. ಅದನ್ನೇ ಇಟ್ಟುಕೊಂಡೆ. ಅಂಥ ಚಿತ್ರ ನನ್ನ ಕೈಯಿಂದ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಜೂನ್, ಜುಲೈ ಜೋಡಿಸುವುದರಲ್ಲಿ ಕಳೆಯಿತು. ಕರೆಂಟು ಬಂದಾಗ ನಾನಿಲ್ಲ, ನಾನಿದ್ದಾಗ ಕರೆಂಟಿಲ್ಲ. ಹೊರಗೆ ಮಳೆ, ಒಳಗೆ ನಾನು ಒಂದೊಂದೇ ಸಾಲನ್ನು ತುಟಿಗೆ ಕೂರಿಸುತ್ತ, ಹಿಂದೆ ತಂದು ಮುಂದೆ ಓಡಿಸುತ್ತ ಇದ್ದೆ. ಈ ಸಲ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಪುಟ ಮಗುಚಲಿಲ್ಲ, ಹೃದಯದ ಆಕಾರ ಹಾಕಲಿಲ್ಲ. ನಮ್ಮ ಕಡೆ ಹಾಡಿಗೊಂದು ಕತೆ ಇಟ್ಟು ಚಿತ್ರ ಮಾಡಿದ್ದು ಅದೇ ಮೊದಲು ಎಂದು ಮಾಮ ಹೇಳಿದ, ನಾನೂ ನಂಬಿದೆ. ಬೇಡವಾದ ಟೇಪುಗಳ ಮೇಲೆ ಹೊಸ ಕೆಲಸ ತೆಗೆಯುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದು. ಒಂದನೇ ದಿನದ ಟೇಪಿನಲ್ಲಿ ಕೆಲಸಕ್ಕೆ ಬರುವಂಥದ್ದು ಏನಿದೆ? ಚೌತಿಗೆ ಸ್ವಲ್ಪ ಮೊದಲು ಭಾವಿಕೇರಿಯಲ್ಲಿ ಒಂದು ಮದುವೆ ಬಂತು. ಚೀಟಿಯ ಮೇಲೆ ಗೀಟು ಎಳೆದೆ.

ಚೌತಿಗೆ ಸಿ.ಡಿ. ಬಂತು. ಕೇಬಲ್‌ನವರು ಹಬ್ಬದ ಐದೂ ದಿನ ಹಾಕಿದರು. ದೇವಿದಾಸ ಅಂಕೋಲೆಯ ಪೇಟೆಯಲ್ಲಿ ನಡೆದರೆ ಗುರುತಿಸಿ ಕೈ ಎತ್ತುವವರಿದ್ದರು. ಸ್ಟುಡಿಯೋಕ್ಕೆ ಬಂದು, “ವಸಂತಣ್ಣಾ, ಮೀನ್ ತಕಳೂಕೆ ಬಂದವ್ರೂ ನನ್ ಮುಖ ನೋಡ್ತ್ರು, ಮೀನ್ ನೋಡೂದಿಲ್ಲ” ಎಂದು ನಕ್ಕು ಹೋದ. ನಾನು ಅವನನ್ನು ಕೊನೆಯ ಸಲ ಕಂಡದ್ದು ಆಗಲೇ.

ಚೌತಿ ಕಳೆದು ಹದಿನೈದು ಇಪ್ಪತ್ತು ದಿನವಾಗಿರಬೇಕು. ಮಳೆ ಮುಗಿಯಿತು ಎಂದು ಎಲ್ಲರೂ ಬಟ್ಟೆ ಬಿಸಿಲಿಗೆ ಹಾಕಿದ್ದರು. ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು, ಹಗಲೇ ಕತ್ತಲೆ ಕವಿಯಿತು. ಬಸ್‌ಸ್ಟ್ಯಾಂಡಿನ ತಗಡು ಹಾರಿ ರಸ್ತೆಗೆ ಬಿತ್ತು. ಬೇಲೇಕೇರಿಯ ದೊಡ್ಡ ದೋಣಿಗಳು ಅವತ್ತು ಹೊರಟೇ ಇರಲಿಲ್ಲ. ದೇವಿದಾಸ ಹಿಂದಿನ ಸಂಜೆ ಬಿಟ್ಟಿದ್ದ ಬಲೆ ಎತ್ತಲು ಬೆಳಕು ಹರಿಯುವಾಗ ಒಬ್ಬನೇ ಹೋಗಿದ್ದ. ಮೂರನೇ ದಿನ ದೋಣಿ ಬಂಡೆಗೆ ಬಡಿದು ಒಡೆದ ಸ್ಥಿತಿಯಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ. ಕೇರಿಯವರು ದಂಡೆಯುದ್ದಕ್ಕೂ ಹುಡುಕಿದರು, ಕಾರವಾರದ ಕಡೆಗೂ ಹೋಗಿ ಕೇಳಿ ಬಂದರು. ನಾನೂ ಎರಡು ದಿನ ಅವರ ಹಿಂದೆ ನಡೆದೆ.

ಕೇಬಲ್‌ನಲ್ಲಿ ಹಾಡು ಬರುವುದು ನಿಲ್ಲಲಿಲ್ಲ. ಮೊದಲಿಗಿಂತ ಹೆಚ್ಚು ಬಂತು. ‘ಕಡಲ ಪಾಲಾದವನ ಹಾಡು ಹಾಕಿ’ ಎಂದು ಜನ ಫೋನು ಮಾಡಿದರು. ಕಾರವಾರದ ಅಂಗಡಿಯಲ್ಲಿ ಸಿ.ಡಿ. ತೀರಿ ಮತ್ತೆ ಬರೆಸಬೇಕಾಯಿತು. ನಿಲ್ಲಿಸು ಎಂದು ನಾನು ಮಾಮನಿಗೆ ಹೇಳಿದೆ. “ಜನ ಕೇಳುವಾಗ ಇಲ್ಲ ಅಂತ ಹೇಗೆ ಹೇಳೂದು ಬಾಬಾ?” ಅಂದ. ಅವನಿಗೆ ಬೇಸರ ಇರಲಿಲ್ಲ ಅಂತಲ್ಲ. ಅಂಗಡಿಯ ಹೊರಗಿನ ಟೀವಿಯಲ್ಲಿ ಹಾಕುವುದನ್ನು ಮಾತ್ರ ಬಿಟ್ಟ.

ಊರಿನ ಪ್ರತಿ ಟೀವಿಯಲ್ಲಿ, ಬಲೆ ತುಂಬಿದ ದೋಣಿಯಲ್ಲಿ ಕಡಲಿಗೆ ಹೊರಟ ಗಂಡನನ್ನು ಶಾರದಾ ಗಂಟಲಿನ ನರ ಉಬ್ಬಿಸಿ ಹಿಂದಿನಿಂದ ಕರೆಯುತ್ತಿದ್ದಳು. ಅವನು ತಿರುಗಿ ನೋಡುತ್ತಿದ್ದ. ಎಲ್ಲರೂ ನೋಡಿದರು. ಕೇರಿಯ ಹೆಂಗಸರು ಅವಳೊಡನೆ ಮಾತು ಬಿಟ್ಟರು. ದೇವಿದಾಸನ ತಾಯಿ, ಒಬ್ಬನೇ ಮಗನನ್ನು ಕಳೆದುಕೊಂಡ ಮುದುಕಿ, ಸೊಸೆ ಮಾಡಿದ ಅಡಿಗೆ ಮುಟ್ಟಲಿಲ್ಲ. ಹೆಣ ಸಿಗದವನಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕ್ರಿಯೆ ಮಾಡುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಮೊದಲು ಈ ಹುಡುಗಿ ಮನೆ ಬಿಟ್ಟು ಹೋಗಬೇಕು, ಕೇರಿಯ ದೋಣಿಗಳ ಮೀನು ಇನ್ನು ಮುಂದೆ ಇವಳ ಬುಟ್ಟಿಗೆ ಹಾಕಬಾರದು ಎಂದು ಮುದುಕಿ ಹಿರಿಯರ ಮುಂದೆ ಕುಳಿತಳು.

ಶಾರದಾ ಅಂಕೋಲೆಗೆ ಬಂದಳು. ಸ್ಟುಡಿಯೋದ ಮೆಟ್ಟಿಲಲ್ಲೇ ನಿಂತು ಮಾತಾಡಿದಳು.

“ನಾ ಒಲ್ಲೆ ಅಂದದ್ದು ನಿಮ್ ಟೇಪಲ್ಲಿ ಇದ್ದಲಾ ವಸಂತಣ್ಣಾ. ಅವ್ರೇ ಬಲೆ ತೆಗ್ದು ಹಾಕದ್ದೂ ಇದ್ದು. ಅದೊಂದ್ ತಂದು ತೋರ್ಸಿ. ನಾ ಬೇಕಂತ ಮಾಡಿದ್ದಲ್ಲ ಅಂತ ಕೇರಿಯವ್ರಿಗೆ ಗೊತ್ತಾದ್ರೆ ಸಾಕು.”

ತರುತ್ತೇನೆ ಅಂದೆ. ಅವಳು ಹೋದ ಮೇಲೆ ಟೇಪು ಹಾಕಿದೆ. ಭಾವಿಕೇರಿಯ ಮದುಮಗಳು ಬಂದಳು, ಅವಳ ಮುಖಕ್ಕೆ ಯಾರೋ ಅರಿಶಿನ ಹಚ್ಚುತ್ತಿದ್ದರು. ಮುಂದೆ ಓಡಿಸಿದೆ, ಊಟದ ಪಂಕ್ತಿ ಬಂತು. ಕೊನೆಯಲ್ಲಾದರೂ ಸ್ವಲ್ಪ ಹಳೆಯದು ಉಳಿದಿರಬಹುದು ಎಂದು ತುದಿಯವರೆಗೆ ಓಡಿಸಿದೆ. ಅಲ್ಲಿ ಇಪ್ಪತ್ತು ಸೆಕೆಂಡು ಕಡಲು ಇತ್ತು. ಬರೀ ಕಡಲು, ಯಾರೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಬರಿಗೈಯಲ್ಲಿ ಬೇಲೇಕೇರಿಗೆ ಹೋದೆ. ಬಲೆ ಹೊಲಿಯುವ ಚಪ್ಪರದ ಕೆಳಗೆ ಏಳೆಂಟು ಹಿರಿಯರು ಕುಳಿತಿದ್ದರು. ಒಂದು ಪಕ್ಕಕ್ಕೆ ಮುದುಕಿ, ದೂರದಲ್ಲಿ ಕಂಬ ಹಿಡಿದು ಶಾರದಾ. ಟೇಪು ಅಳಿಸಿಹೋಗಿದೆ ಅಂದೆ. ಯಾರೂ ಸಿಟ್ಟು ಮಾಡಲಿಲ್ಲ. ಎಲ್ಲರಿಗಿಂತ ಹಿರಿಯನೊಬ್ಬ, ಕಣ್ಣು ಮಂಜಾದವನು, ನಿಧಾನವಾಗಿ ಕೇಳಿದ.

“ಹೋಗ್ಲಿ ಬಿಡು. ಒಂದೇ ಮಾತು ಹೇಳು. ಬಲೆ ಇಲ್ಲದ ದೋಣಿ ಆಗಿದ್ರೆ ನಾವು ಆಟ ಅಂತ ಬಿಡ್ತಿದ್ವು. ಟೀವಿಲಿ ಬಲೆ ಕಾಣ್ತದೆ. ಆ ಬಲೆ ದೋಣಿಗೆ ಯಾರು ಹಾಕದ್ದು?”

ನಾನು ಎಂದು ಹೇಳಬೇಕಾಗಿತ್ತು. ಒಂದೇ ಶಬ್ದ. ಎದುರಿಗೆ ಕುಳಿತವರ ತೋಳುಗಳನ್ನು ನೋಡಿದೆ, ಮಗ ಸತ್ತ ಮುದುಕಿಯ ಮುಖ ನೋಡಿದೆ. ಆ ಕೇರಿಯ ಮದುವೆಗಳ ವಿಡಿಯೋ ಎಲ್ಲ ನನಗೇ ಬರುತ್ತಿತ್ತು ಎಂಬುದೂ ನೆನಪಾಯಿತು, ಸುಳ್ಳೇಕೆ ಹೇಳಲಿ.

“ದೋಣಿಯಲ್ಲೇ ಇತ್ತು” ಅಂದೆ.

ಹಿರಿಯ ತಲೆ ಅಲ್ಲಾಡಿಸಿದ. ಮುದುಕಿ ಎದೆಗೆ ಹೊಡೆದುಕೊಂಡಳು. ಶಾರದಾ ನನ್ನ ಕಡೆ ನೋಡಿದಳು. ಈಗ ಬೈಯುತ್ತಾಳೆ, ಇವನೇ ಹಾಕಿದ್ದು ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಅಂದಿದ್ದರೂ ಅವಳ ಮಾತನ್ನು ಅಲ್ಲಿ ಯಾರು ನಂಬುತ್ತಿದ್ದರು? ಅದು ಅವಳಿಗೆ ನನಗಿಂತ ಮೊದಲು ಗೊತ್ತಾಗಿರಬೇಕು. ಆ ವಾರವೇ ಅವಳ ಅಣ್ಣ ಅಮದಳ್ಳಿಯಿಂದ ಬಂದು ಕರೆದುಕೊಂಡು ಹೋದ. ಗಂಡನ ಗೊಂಬೆ ಸುಡುವಾಗ ಅವಳು ಅಲ್ಲಿರಲಿಲ್ಲ. ನಾನೂ ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ.

ಮಳೆಗಾಲ ಮುಗಿದ ಮೇಲೆ ಮಾಮ ಇನ್ನೊಂದು ಹಾಡು ಹಿಡಿದು ಬಂದ. ಒಲ್ಲೆ ಅಂದೆ. ಬೇರೆಯವರು ಮಾಡಿದರು. ಆಲ್ಬಮ್ಮುಗಳು ಸಾಲುಸಾಲಾಗಿ ಬಂದವು, ಆಮೇಲೆ ಮೊಬೈಲಿನ ಕಾರ್ಡಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳು ಬಂದವು. ಬೆರಳಗಲದ ಪರದೆಯಲ್ಲಿ ಜನ ಬಸ್ಸಿನಲ್ಲಿ ಕುಳಿತು ಹಾಡು ನೋಡತೊಡಗಿದರು. ಒಮ್ಮೆ ಕಾರವಾರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವನು ನಮ್ಮದೇ ಹಾಡು ಹಾಕಿಕೊಂಡಿದ್ದ. ನಾನು ಅವರ್ಸೆಯಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾದೆ.

ಶಾರದಾಳನ್ನು ಮತ್ತೆ ಕಂಡದ್ದು ಚಪ್ಪರದ ಆ ಮಧ್ಯಾಹ್ನ ಕಳೆದು ಎರಡು ವರ್ಷದ ಮೇಲೆ, ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ. ಅಮದಳ್ಳಿಯ ಹೆಂಗಸರ ಸಾಲಿನ ಕೊನೆಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಬೆಳಗಿನ ಗಿರಾಕಿಗಳು ಕಳೆದು ಮಾರ್ಕೆಟ್ಟು ಖಾಲಿಯಾಗುತ್ತಿತ್ತು. ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ. ಅದೇ ನನಗೆ ಕಷ್ಟವಾಯಿತು. ಎದುರಿಗೆ ಕುಕ್ಕರಗಾಲಲ್ಲಿ ಕುಳಿತೆ. ಎರಡು ವರ್ಷ ಬಾಯಲ್ಲಿ ಹೊತ್ತು ತಿರುಗಿದ್ದನ್ನು ಹೇಳಿದೆ.

“ಬಲೆ ಹಾಕಿದ್ದು ನಾನು ಅಂತ ಅವತ್ತು ಹೇಳ್ಬೇಕಿತ್ತು ಶಾರದಾ. ಹೆದರಿದೆ. ಈಗಲಾದ್ರೂ ಬೇಲೇಕೇರಿಗೆ ಹೋಗಿ ಹೇಳ್ತೇನೆ. ನಿನ್ನ ಕರೆಯಿಂದ ಅವನು ಹೋದದ್ದಲ್ಲ.”

ಅವಳು ಮೀನಿನ ಮೇಲೆ ನೀರು ಚಿಮುಕಿಸಿದಳು.

“ಅದು ನಂಗೂ ಗೊತ್ತಿದ್ದು ವಸಂತಣ್ಣಾ. ಕರ್ದದ್ದರಿಂದ ಅಲ್ಲ.”

ಬುಟ್ಟಿಯ ಮೀನು ಒಂದು ಬದಿಗೆ ಸರಿಸಿದಳು. ಆಮೇಲೆ ಹೇಳಿದಳು. ಚೌತಿಯಲ್ಲಿ ಕೇಬಲ್‌ನಲ್ಲಿ ಹಾಡು ಬಂದ ದಿನವೇ ಅತ್ತೆ ಅವಳನ್ನು ದೇವರ ಮುಂದೆ ನಿಲ್ಲಿಸಿದ್ದಳಂತೆ. ದೀಪದ ಮೇಲೆ ಕೈ ಇಟ್ಟು, ಇನ್ನೆಂದೂ ನನ್ನ ಮಗನನ್ನು ಹಿಂದಿನಿಂದ ಕರೆಯುವುದಿಲ್ಲ ಎಂದು ಆಣೆ ಮಾಡಿಸಿದ್ದಳಂತೆ. ತಪ್ಪು ಮಾಡಿದೆನಲ್ಲ ಎಂಬ ಹೆದರಿಕೆಯಲ್ಲಿ ಇವಳೂ ಮನಸ್ಸಿನಿಂದಲೇ ಆಣೆ ಮಾಡಿದ್ದಳು.

“ಆ ದಿವ್ಸ ಬೆಳಿಗ್ಗೆ ಅವ್ರು ಹೋದ್ ಮೇಲೆ ರೇಡಿಯೋದಲ್ಲಿ ಹೇಳದ್ರು, ಗಾಳಿ ಬತ್ತದೆ, ಯಾರೂ ಇಳಿಬ್ಯಾಡಿ ಅಂತ. ಓಡ್ ಬಂದೆ. ದೋಣಿ ಆಗಷ್ಟೇ ನೀರಿಗೆ ಬಿದ್ದಿತ್ತು, ಇಲ್ಲಿಂದ ಆ ಕಂಬದಷ್ಟು ದೂರ. ಬೆನ್ನು ಈ ಕಡೆ. ದಂಡೆ ಮೇಲೆ ಮತ್ಯಾರೂ ಇಲ್ಲ. ಒಂದ್ ಸಲ ಕೂಗದ್ರೆ ಸಾಕಿತ್ತು, ಅವ್ರಿಗೆ ಕೇಳ್ತಿತ್ತು.”

ಕೈಯಲ್ಲಿದ್ದ ನೀರು ಬುಟ್ಟಿಗೆ ಬಿಟ್ಟಳು.

“ತಿರ್ಗಿ ನೋಡ್ತ್ರು, ನೋಡ್ತ್ರು ಅಂತ ನೀರಲ್ಲಿ ಹೋದೆ. ಸೊಂಟದ ತನಕ ನೀರು ಬಂತು. ಬಾಯಿ ಬಿಡ್ಲಿಲ್ಲ ವಸಂತಣ್ಣಾ.”